ಈಸ್ಟರ್ ಕಾಲದ ಬೈಬಲ್ ವಾಚನಗಳು

ಈಸ್ಟರ್ ಕಾಲದ ಬೈಬಲ್ ವಾಚನಗಳು ಎಂದರೆ ಈಸ್ಟರ್ ಭಾನುವಾರದಿಂದ ಪೆಂತೆಕೋಸ್ತ್ ಹಬ್ಬದವರೆಗಿನ 50 ದಿನಗಳಲ್ಲಿ ಕ್ರೈಸ್ತ ಆರಾಧನೆಯ ವೇಳೆ ಗೊತ್ತುಪಡಿಸಿದ ಕ್ರಮದಲ್ಲಿ ಓದಲಾಗುವ ಬೈಬಲಿನ ಭಾಗಗಳು. ಶಿಲುಬೆಯ ಮೇಲೆ ಮರಣ ಹೊಂದಿದ ಯೇಸು ಕ್ರಿಸ್ತರು ಮೂರನೆಯ ದಿನ ಪುನರುತ್ಥಾನರಾದರೆಂಬ ನಂಬಿಕೆಯೇ ಈ ಕಾಲದ ಕೇಂದ್ರವಾಗಿದೆ. ಕನ್ನಡ ಕಥೋಲಿಕರಲ್ಲಿ ಇದಕ್ಕೆ ಪಾಸ್ಕ ಕಾಲ ಎಂಬ ಹೆಸರೂ ಇದೆ. ವರ್ಷದ ಇತರ ಭಾನುವಾರಗಳಲ್ಲಿ ಮೊದಲನೆಯ ವಾಚನವನ್ನು ಸಾಮಾನ್ಯವಾಗಿ ಹಳೆಯ ಒಡಂಬಡಿಕೆಯಿಂದ ಆರಿಸಿಕೊಳ್ಳಲಾಗುತ್ತದೆ. ಈಸ್ಟರ್ ಕಾಲದಲ್ಲಿ ಮಾತ್ರ ಆ ಸ್ಥಾನದಲ್ಲಿ ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ ಗ್ರಂಥವನ್ನು ಓದುವ ಪದ್ಧತಿ ಬಹಳ ಹಿಂದಿನಿಂದ ನಡೆದುಬಂದಿದೆ.

ನಾಲ್ಕು ಸುವಾರ್ತೆಗಳಲ್ಲಿ ಯಾವುದೂ ಪುನರುತ್ಥಾನದ ಕ್ಷಣವನ್ನು ವರ್ಣಿಸುವುದಿಲ್ಲ. ಅವು ಹೇಳುವುದು ಬರಿದಾದ ಸಮಾಧಿಯನ್ನು ಕಂಡವರ ಭಯವನ್ನು, ಸುದ್ದಿ ಕೇಳಿದವರ ಅಪನಂಬಿಕೆಯನ್ನು ಮತ್ತು ಎದುರಿಗೇ ನಿಂತವರನ್ನು ಶಿಷ್ಯರು ತಡವಾಗಿ ಗುರುತಿಸಿದ ಬಗೆಯನ್ನು. ಈ ಕಾಲದ ವಾಚನಗಳನ್ನು ಕ್ರಮವಾಗಿ ಓದಿದಾಗ ಎದ್ದುಕಾಣುವ ಸಂಗತಿ ಇದು. ಅಲ್ಲಿನ ಬಹುತೇಕರು ಒಮ್ಮೆಲೇ ನಂಬಿದವರಲ್ಲ.

ಕಾಲಾವಧಿ

ಈಸ್ಟರ್ ಹಬ್ಬಕ್ಕೆ ನಿಶ್ಚಿತ ದಿನಾಂಕವಿಲ್ಲ. ಪಾಶ್ಚಾತ್ಯ ಸಭೆಗಳ ಲೆಕ್ಕಾಚಾರದಂತೆ ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯ ಮುಂದಿನ ಭಾನುವಾರ ಈಸ್ಟರ್. ಆದ್ದರಿಂದ ಅದು ಮಾರ್ಚ್ 22 ಮತ್ತು ಏಪ್ರಿಲ್ 25ರ ನಡುವೆ ಬರುತ್ತದೆ. ಈ ಲೆಕ್ಕದಲ್ಲಿ ಬಳಸುವ ಹುಣ್ಣಿಮೆಯನ್ನು ಆಕಾಶವನ್ನು ನೋಡಿ ತಿಳಿಯುವುದಿಲ್ಲ. ಅದು ಸಭೆಯ ಪಟ್ಟಿಗಳ ಮೂಲಕ ಎಣಿಸಿದ ಹುಣ್ಣಿಮೆಯಾಗಿರುತ್ತದೆ.

ಪೆಂತೆಕೋಸ್ತ್ ಎಂಬುದು ‘ಐವತ್ತನೆಯದು’ ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. ಕನ್ನಡ ಬೈಬಲಿನಲ್ಲಿ ಅದಕ್ಕೆ ‘ಪಂಚಾಶತ್ತಮ’ ಎಂಬ ಸಂಸ್ಕೃತ ರೂಪವನ್ನು ಬಳಸಲಾಗಿದೆ. ಈ ಐವತ್ತರ ಎಣಿಕೆಯ ಮೂಲ ಯೆಹೂದಿ ಸಂಪ್ರದಾಯದಲ್ಲಿದೆ. ಐಗುಪ್ತದ ದಾಸ್ಯದಿಂದ ಬಿಡುಗಡೆಯಾದುದನ್ನು ಸ್ಮರಿಸುವ ಪಸ್ಕಹಬ್ಬದ ಕಾಲದಿಂದ ಏಳು ವಾರಗಳನ್ನು ಎಣಿಸಿ ಯೆಹೂದ್ಯರು ವಾರಗಳ ಹಬ್ಬವನ್ನು ಆಚರಿಸುತ್ತಾರೆ. ಯೇಸುವಿನ ಮರಣ ಪಸ್ಕಹಬ್ಬದ ಸಮಯದಲ್ಲಿಯೂ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದುಬಂದ ಘಟನೆ ವಾರಗಳ ಹಬ್ಬದಂದೂ ನಡೆದವೆಂದು ಹೊಸ ಒಡಂಬಡಿಕೆ ಹೇಳುತ್ತದೆ.

ಐತಿಹಾಸಿಕ ಹಿನ್ನೆಲೆ

ಈಸ್ಟರ್ ಕಾಲದ ವಾಚನಗಳ ಬಗ್ಗೆ 4 ಮತ್ತು 5ನೆಯ ಶತಮಾನಗಳಿಂದ ಸ್ಪಷ್ಟವಾದ ಸಾಕ್ಷ್ಯಗಳು ದೊರೆಯುತ್ತವೆ. 4ನೆಯ ಶತಮಾನದ ಕೊನೆಯ ಭಾಗದಲ್ಲಿ ಜೆರುಸಲೇಮಿಗೆ ಯಾತ್ರೆ ಹೋಗಿದ್ದ ಎಜೇರಿಯಾ ಎಂಬ ಮಹಿಳೆ ತನ್ನ ಪ್ರವಾಸದ ಬರಹದಲ್ಲಿ ಅಲ್ಲಿನ ಆರಾಧನಾ ಕ್ರಮವನ್ನು ವಿವರವಾಗಿ ದಾಖಲಿಸಿದ್ದಾಳೆ. ಈಸ್ಟರಿನ ಎಂಟನೆಯ ದಿನ ತೋಮನ ಸಂಶಯದ ಪ್ರಸಂಗವನ್ನು ಓದಲಾಗುತ್ತಿತ್ತೆಂದು ಅವಳು ತಿಳಿಸುತ್ತಾಳೆ. ಇಂದಿಗೂ ಪೂರ್ವ ಮತ್ತು ಪಶ್ಚಿಮದ ಅನೇಕ ಸಭೆಗಳು ಈಸ್ಟರಿನ ಮುಂದಿನ ಭಾನುವಾರ ಅದೇ ಭಾಗವನ್ನು ಓದುತ್ತವೆ.

ಉತ್ತರ ಆಫ್ರಿಕದ ಹಿಪ್ಪೊ ನಗರದ ಬಿಷಪ್ ಆಗಿದ್ದ ಸಂತ ಅಗಸ್ಟೀನರ ಪ್ರಬೋಧನೆಗಳಿಂದ ಅಲ್ಲಿನ ರೂಢಿ ತಿಳಿದುಬರುತ್ತದೆ. ಈಸ್ಟರ್ ವಾರದಲ್ಲಿ ಪುನರುತ್ಥಾನದ ವೃತ್ತಾಂತವನ್ನು ನಾಲ್ಕೂ ಸುವಾರ್ತೆಗಳಿಂದ ಬೇರೆ ಬೇರೆ ದಿನಗಳಲ್ಲಿ ಓದಲಾಗುತ್ತಿತ್ತು. ಆದರೆ ಯೇಸುವಿನ ಯಾತನೆಯ ಕಥೆಯನ್ನು ಮತ್ತಾಯನ ಸುವಾರ್ತೆಯಿಂದ ಮಾತ್ರ ಓದುವುದು ಅಲ್ಲಿನ ರೂಢಿಯಾಗಿತ್ತು. ಅದನ್ನೂ ಉಳಿದ ಸುವಾರ್ತೆಗಳಿಂದ ಓದಿಸಲು ತಾವು ಯತ್ನಿಸಿದಾಗ, ರೂಢಿಯಲ್ಲಿದ್ದುದು ಕಿವಿಗೆ ಬೀಳದೆ ಜನರು ಕಳವಳಗೊಂಡರೆಂದು ಅವರೇ ಹೇಳಿಕೊಂಡಿದ್ದಾರೆ. ಕೇಳಿ ಕೇಳಿ ಪರಿಚಿತವಾದ ಪಾಠವು ಜನರ ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರುತ್ತದೆ ಎಂಬುದಕ್ಕೆ ಇದೊಂದು ಹಳೆಯ ನಿದರ್ಶನ.

ಅಪೊಸ್ತಲರ ಕೃತ್ಯಗಳನ್ನು ಈ ಕಾಲದಲ್ಲಿ ಏಕೆ ಓದಬೇಕೆಂಬ ಪ್ರಶ್ನೆಯನ್ನು ಸಂತ ಜಾನ್ ಕ್ರಿಸೊಸ್ತೊಮರು ಒಂದು ಪ್ರಬೋಧನೆಯಲ್ಲಿ ಎತ್ತಿಕೊಂಡಿದ್ದಾರೆ. ಆ ಗ್ರಂಥದಲ್ಲಿರುವ ಘಟನೆಗಳು ಪೆಂತೆಕೋಸ್ತಿನ ನಂತರ ನಡೆದಂಥವು. ಹಾಗಿದ್ದರೂ ಅವನ್ನು ಮೊದಲೇ ಓದುವುದೇಕೆ? ಅಪೊಸ್ತಲರು ಮಾಡಿದ ಕಾರ್ಯಗಳೇ ಪುನರುತ್ಥಾನಕ್ಕೆ ಸಾಕ್ಷಿ ಎಂಬುದು ಅವರ ಉತ್ತರದ ತಿರುಳು.

ಇಂದಿನ ವಾಚನ ವ್ಯವಸ್ಥೆ

ಆರಾಧನೆಯಲ್ಲಿ ಯಾವ ದಿನ ಯಾವ ಭಾಗವನ್ನು ಓದಬೇಕೆಂದು ನಿಗದಿಪಡಿಸುವ ಪಟ್ಟಿಯನ್ನು ಅಥವಾ ಪುಸ್ತಕವನ್ನು ವಾಚನ ಗ್ರಂಥ ಎನ್ನಬಹುದು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾ ವಿಧಿಯ ಸಂವಿಧಾನವು ಬೈಬಲಿನ ಸಂಪತ್ತನ್ನು ಭಕ್ತರಿಗೆ ಇನ್ನಷ್ಟು ಧಾರಾಳವಾಗಿ ತೆರೆದಿಡಬೇಕೆಂದು ಸೂಚಿಸಿತು. ಅದರಂತೆ ರೋಮನ್ ಕಥೋಲಿಕ ಸಭೆಯ ಹೊಸ ವಾಚನ ಕ್ರಮ 1969ರಲ್ಲಿ ಪ್ರಕಟವಾಯಿತು. ಭಾನುವಾರಗಳಿಗೆ ಎ, ಬಿ, ಸಿ ಎಂಬ ಮೂರು ವರ್ಷಗಳ ಆವರ್ತನವನ್ನು ಅದು ಜಾರಿಗೆ ತಂದಿತು. ಮೊದಲನೆಯ ವಾಚನ, ಕೀರ್ತನೆ, ಎರಡನೆಯ ವಾಚನ ಮತ್ತು ಸುವಾರ್ತೆ ಎಂಬ ನಾಲ್ಕು ಭಾಗಗಳು ಪ್ರತಿ ಭಾನುವಾರ ಇರುತ್ತವೆ. ಇದೇ ಮಾದರಿಯನ್ನು ಆಧರಿಸಿ ಹಲವು ಪ್ರಾಟೆಸ್ಟಂಟ್ ಸಭೆಗಳು ಸೇರಿ ರೂಪಿಸಿದ ಪರಿಷ್ಕೃತ ಸಾಮಾನ್ಯ ವಾಚನ ಕ್ರಮವು 1992ರಲ್ಲಿ ಹೊರಬಂದಿತು.

ಈಸ್ಟರ್ ಕಾಲದಲ್ಲಿ ಎರಡನೆಯ ವಾಚನವು ಹೆಚ್ಚಾಗಿ ಎ ವರ್ಷದಲ್ಲಿ ಪೇತ್ರನ ಮೊದಲನೆಯ ಪತ್ರದಿಂದ, ಬಿ ವರ್ಷದಲ್ಲಿ ಯೋಹಾನನ ಮೊದಲನೆಯ ಪತ್ರದಿಂದ, ಸಿ ವರ್ಷದಲ್ಲಿ ಪ್ರಕಟನೆ ಗ್ರಂಥದಿಂದ ಬರುತ್ತದೆ. ಸುವಾರ್ತೆಯ ಭಾಗಗಳಲ್ಲಿ ಬಹುಪಾಲು ಯೋಹಾನನವು.

ಹಬ್ಬದ ಹಿಂದಿನ ರಾತ್ರಿ ನಡೆಯುವ ಈಸ್ಟರ್ ಜಾಗರಣೆಯ ವಾಚನಗಳು ಇವುಗಳಿಗೆ ಮುನ್ನುಡಿಯಂತಿವೆ. ಕಥೋಲಿಕ ಕ್ರಮದಲ್ಲಿ ಆ ರಾತ್ರಿಗೆ ಒಂಬತ್ತು ವಾಚನಗಳಿವೆ. ಅವುಗಳಲ್ಲಿ ಏಳು ಹಳೆಯ ಒಡಂಬಡಿಕೆಯವು. ಸಮಯದ ಅಭಾವವಿದ್ದರೆ ಕೆಲವನ್ನು ಬಿಡಲು ಅವಕಾಶವಿದೆ. ಆದರೆ ಇಸ್ರಾಯೇಲರು ಸಮುದ್ರವನ್ನು ದಾಟಿದ ವಿಮೋಚನಕಾಂಡದ 14ನೆಯ ಅಧ್ಯಾಯವನ್ನು ಯಾವ ಕಾರಣಕ್ಕೂ ಬಿಡುವಂತಿಲ್ಲ. ದಾಸ್ಯದಿಂದ ಬಿಡುಗಡೆಯ ಆ ಕಥೆಯ ಹಿನ್ನೆಲೆಯಿಲ್ಲದೆ ಈಸ್ಟರನ್ನು ಅರಿಯಲಾಗದು ಎಂಬುದು ಈ ನಿಯಮದ ಆಶಯ.

ಭಾನುವಾರಗಳ ಸುವಾರ್ತಾ ವಾಚನಗಳು

ಕಥೋಲಿಕ ಕ್ರಮದಲ್ಲಿ ಈಸ್ಟರ್ ಕಾಲದ ಭಾನುವಾರಗಳ ಸುವಾರ್ತೆಗಳು ಹೀಗಿವೆ:

• ಈಸ್ಟರ್ ಭಾನುವಾರ: ಬರಿದಾದ ಸಮಾಧಿ (ಯೋಹಾನ 20:1-9).
• 2ನೆಯ ಭಾನುವಾರ: ಮುಚ್ಚಿದ ಬಾಗಿಲುಗಳ ಒಳಗಿನ ದರ್ಶನ ಮತ್ತು ತೋಮ (ಯೋಹಾನ 20:19-31), ಮೂರೂ ವರ್ಷಗಳಲ್ಲಿ ಇದೇ ಭಾಗ.
• 3ನೆಯ ಭಾನುವಾರ: ಎಮ್ಮಾಹುವಿನ ದಾರಿ (ಎ, ಲೂಕ 24:13-35), ಶಿಷ್ಯರ ಮುಂದೆ ಯೇಸು ಮೀನನ್ನು ತಿಂದ ಪ್ರಸಂಗ (ಬಿ, ಲೂಕ 24:35-48), ತಿಬೇರಿಯ ಸರೋವರದ ದಡ (ಸಿ, ಯೋಹಾನ 21:1-19).
• 4ನೆಯ ಭಾನುವಾರ: ಒಳ್ಳೆಯ ಕುರುಬ, ಯೋಹಾನ 10ನೆಯ ಅಧ್ಯಾಯವನ್ನು ಮೂರು ವರ್ಷಗಳಿಗೆ ಹಂಚಲಾಗಿದೆ.
• 5 ಮತ್ತು 6ನೆಯ ಭಾನುವಾರಗಳು: ಕೊನೆಯ ಭೋಜನದ ವೇಳೆ ಯೇಸು ಶಿಷ್ಯರಿಗೆ ಹೇಳಿದ ಬೀಳ್ಕೊಡುಗೆಯ ಮಾತುಗಳು (ಯೋಹಾನ 13 ರಿಂದ 15ನೆಯ ಅಧ್ಯಾಯಗಳು).
• 7ನೆಯ ಭಾನುವಾರ: ಯೇಸುವಿನ ಪ್ರಾರ್ಥನೆ (ಯೋಹಾನ 17). ಹಲವು ದೇಶಗಳಲ್ಲಿ ಈ ಭಾನುವಾರವೇ ಸ್ವರ್ಗಾರೋಹಣ ಹಬ್ಬವನ್ನು ಆಚರಿಸುತ್ತಾರೆ.
• ಪೆಂತೆಕೋಸ್ತ್: ಯೇಸು ಶಿಷ್ಯರ ಮೇಲೆ ಉಸಿರೂದಿ ಪವಿತ್ರಾತ್ಮವನ್ನು ನೀಡಿದ ಪ್ರಸಂಗ (ಯೋಹಾನ 20:19-23).

ಮೊದಲ ಮೂರು ಭಾನುವಾರಗಳು ದರ್ಶನಗಳಿಗೆ ಮೀಸಲಾಗಿವೆ. ನಾಲ್ಕನೆಯದರಿಂದ ಮುಂದಕ್ಕೆ ಕಥನ ನಿಂತು, ಮರಣಕ್ಕೆ ಮೊದಲು ಯೇಸು ಆಡಿದ ಮಾತುಗಳನ್ನು ಓದಲಾಗುತ್ತದೆ. ಕಾಲಾನುಕ್ರಮದಲ್ಲಿ ಇದು ಹಿಂದಕ್ಕೆ ಹೋದಂತೆ ತೋರುತ್ತದೆ. ಆದರೆ ಅಗಲಿದವರ ಮಾತಿನ ಅರ್ಥ ಅವರು ಅಗಲಿದ ಮೇಲೆಯೇ ತಿಳಿಯತೊಡಗುವುದು ಮನುಷ್ಯರೆಲ್ಲರ ಅನುಭವ. ಶಿಷ್ಯರು ಆಗ ಕೇಳಿಯೂ ಗ್ರಹಿಸದಿದ್ದುದನ್ನು ಈಗ ಮತ್ತೆ ಕೇಳುತ್ತಾರೆ ಎಂಬುದು ಈ ಜೋಡಣೆಯ ಹಿಂದಿನ ಯೋಚನೆ.

ಗುರುತಿಸುವಿಕೆಯ ಪ್ರಸಂಗಗಳು

ದರ್ಶನದ ವಾಚನಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ ಎಂದರೆ, ಯೇಸುವನ್ನು ಬಲ್ಲವರೇ ಅವರನ್ನು ಗುರುತಿಸಲಾರದೆ ಹೋಗುವುದು. ಗುರುತು ಸಿಗುವ ಬಗೆ ಒಬ್ಬೊಬ್ಬರಿಗೆ ಒಂದೊಂದು.

ಮಗ್ದಲದ ಮರಿಯಳು ಸಮಾಧಿಯ ಬಳಿ ಅಳುತ್ತ ನಿಂತಿದ್ದಾಗ ಎದುರಿಗಿದ್ದವರನ್ನು ತೋಟಗಾರನೆಂದು ಭಾವಿಸುತ್ತಾಳೆ. ಅವರು ಅವಳ ಹೆಸರು ಹಿಡಿದು ಕರೆದಾಗ ಗುರುತು ಸಿಗುತ್ತದೆ. ಕಣ್ಣಿಗೆ ಕಾಣದಿದ್ದುದು ಕಿವಿಗೆ ಬಿದ್ದ ಹೆಸರಿನಿಂದ ತಿಳಿಯುತ್ತದೆ.

ಎಮ್ಮಾಹು ಎಂಬ ಹಳ್ಳಿಯ ಕಡೆಗೆ ನಡೆಯುತ್ತಿದ್ದ ಇಬ್ಬರು ಶಿಷ್ಯರಲ್ಲಿ ಒಬ್ಬನ ಹೆಸರು ಕ್ಲೆಯೊಪ. ಇನ್ನೊಬ್ಬರ ಹೆಸರನ್ನು ಲೂಕನು ಹೇಳುವುದಿಲ್ಲ. ಅಪರಿಚಿತರೊಬ್ಬರು ಜೊತೆಗೂಡಿ ಶಾಸ್ತ್ರಗಳನ್ನು ವಿವರಿಸಿದರೂ ಅವರಿಗೆ ಗುರುತು ಹತ್ತುವುದಿಲ್ಲ. ಹೊತ್ತು ಮುಳುಗಿತೆಂದು ಆ ಅಪರಿಚಿತರನ್ನು ಒತ್ತಾಯದಿಂದ ಉಳಿಸಿಕೊಂಡು ಊಟಕ್ಕೆ ಕುಳಿತಾಗ, ರೊಟ್ಟಿ ಮುರಿಯುವ ರೀತಿಯಲ್ಲಿ ಅವರು ಯಾರೆಂಬುದು ತಿಳಿಯುತ್ತದೆ. ದಾರಿಹೋಕನಿಗೆ ಅನ್ನವಿಕ್ಕುವ ಸೌಜನ್ಯ ತೋರದಿದ್ದರೆ ಈ ಕಥೆ ದಾರಿಯಲ್ಲಿಯೇ ಮುಗಿದುಹೋಗುತ್ತಿತ್ತು. ಜೆರುಸಲೇಮಿನಿಂದ ಆ ಹಳ್ಳಿಗೆ ಇದ್ದ ದೂರ 60 ಸ್ತಾದಿಯ, ಅಂದರೆ ಸುಮಾರು 11 ಕಿಲೋಮೀಟರ್. ಕೆಲವು ಹಸ್ತಪ್ರತಿಗಳಲ್ಲಿ 160 ಎಂದಿದೆ. ಹೀಗಾಗಿ ಆ ಹಳ್ಳಿ ಎಲ್ಲಿತ್ತೆಂಬುದರ ಬಗ್ಗೆ ಇಂದಿಗೂ ಒಮ್ಮತವಿಲ್ಲ.

ತೋಮನು ಗಾಯದ ಗುರುತುಗಳನ್ನು ನೋಡದೆ ನಂಬುವುದಿಲ್ಲವೆಂದು ಹಟ ಹಿಡಿಯುತ್ತಾನೆ. ‘ಸಂಶಯದ ತೋಮ’ ಎಂಬ ಹೆಸರು ಅವನಿಗೆ ಅಂಟಿಕೊಂಡಿದೆ. ಆದರೆ ಅವನು ಕೇಳಿದ್ದು ಇತರ ಶಿಷ್ಯರು ಆಗಲೇ ಕಂಡಿದ್ದುದನ್ನೇ. ಸಂಶಯಪಟ್ಟವನನ್ನು ಉಳಿದವರು ಹೊರಹಾಕಲಿಲ್ಲ, ಎಂಟು ದಿನಗಳ ನಂತರವೂ ಅವನು ಅವರ ನಡುವೆಯೇ ಇದ್ದನು ಎಂಬುದು ಈ ವಾಚನದಲ್ಲಿ ಗಮನಿಸತಕ್ಕ ಅಂಶ.

ತಿಬೇರಿಯದ ದಡದಲ್ಲಿ ಯೇಸು ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರಿಗೆ ಬೆಳಗಿನ ಊಟ ಕೊಡುತ್ತಾರೆ. ಇಲ್ಲಿ ಇದ್ದಲಿನ ಬೆಂಕಿಗೆ ಬಳಸಿರುವ ಗ್ರೀಕ್ ಪದವು ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ಮೊದಲನೆಯದು ಮಹಾಯಾಜಕನ ಅಂಗಳದಲ್ಲಿ, ಪೇತ್ರನು ಚಳಿ ಕಾಯಿಸಿಕೊಳ್ಳುತ್ತ ನಿಂತು ಯೇಸುವನ್ನು ಅರಿಯೆನೆಂದ ಸ್ಥಳದಲ್ಲಿ. ಎರಡನೆಯದು ಈ ದಡದಲ್ಲಿ. ಅಲ್ಲಿ ಮೂರು ಬಾರಿ ಅಲ್ಲಗಳೆದವನನ್ನು ಇಲ್ಲಿ ಮೂರು ಬಾರಿ ಪ್ರೀತಿಯ ಬಗ್ಗೆ ಪ್ರಶ್ನಿಸಲಾಗುತ್ತದೆ. ತಪ್ಪನ್ನು ಎತ್ತಿ ಆಡದೆಯೇ ಅದನ್ನು ನೆನಪಿಸಿ, ಮತ್ತೆ ಹೊಣೆಯನ್ನು ಒಪ್ಪಿಸುವ ದೃಶ್ಯವಿದು.

ಅಪೊಸ್ತಲರ ಕೃತ್ಯಗಳ ವಾಚನ

ಸುವಾರ್ತೆಯಲ್ಲಿ ಹೆದರಿ ಬಾಗಿಲು ಮುಚ್ಚಿಕೊಂಡವರು ಅದೇ ಆರಾಧನೆಯ ಮೊದಲ ವಾಚನದಲ್ಲಿ ಬೀದಿಯಲ್ಲಿ ನಿಂತು ಮಾತನಾಡುತ್ತಾರೆ. ಎರಡನ್ನೂ ಒಟ್ಟಿಗೆ ಕೇಳುವುದರಿಂದ ನಡುವೆ ಏನು ನಡೆಯಿತು ಎಂಬ ಪ್ರಶ್ನೆ ಕೇಳುಗನಲ್ಲಿ ಹುಟ್ಟುತ್ತದೆ.

ಈ ವಾಚನಗಳು ಆರಂಭದ ಸಭೆಯನ್ನು ಕುಂದಿಲ್ಲದ ಸಮುದಾಯವಾಗಿ ಚಿತ್ರಿಸುವುದಿಲ್ಲ. 2ನೆಯ ಭಾನುವಾರ, ಆಸ್ತಿಯನ್ನು ಮಾರಿ ಅಗತ್ಯವಿದ್ದವರಿಗೆ ಹಂಚುತ್ತಿದ್ದ ವಿಶ್ವಾಸಿಗಳ ವರ್ಣನೆ ಬರುತ್ತದೆ (ಬಿ, 4:32-35). ಎ ವರ್ಷದ 5ನೆಯ ಭಾನುವಾರ, ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಅಲಕ್ಷಿಸಲಾಗುತ್ತಿದೆ ಎಂಬ ದೂರು ಕೇಳಿಬರುತ್ತದೆ (6:1-7). ಅದನ್ನು ಸರಿಪಡಿಸಲು ಏಳು ಮಂದಿಯನ್ನು ನೇಮಿಸುತ್ತಾರೆ. ಬಿ ವರ್ಷದ ಅದೇ ಭಾನುವಾರ, ಮನಸ್ಸು ಬದಲಿಸಿಕೊಂಡು ಬಂದ ಸೌಲನನ್ನು ಜೆರುಸಲೇಮಿನ ಶಿಷ್ಯರು ನಂಬುವುದಿಲ್ಲ (9:26-31). ಬಾರ್ನಬನು ಅವನ ಕೈಹಿಡಿದು ಕರೆತರಬೇಕಾಗುತ್ತದೆ. 6ನೆಯ ಭಾನುವಾರ, ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಯಲ್ಲಿ ದೇವರು ಪಕ್ಷಪಾತಿಯಲ್ಲವೆಂದು ಪೇತ್ರನು ಅರಿಯುತ್ತಾನೆ (ಬಿ, 10ನೆಯ ಅಧ್ಯಾಯ). ಯೆಹೂದ್ಯರಲ್ಲದ ವಿಶ್ವಾಸಿಗಳ ಮೇಲೆ ಸುನ್ನತಿಯ ನಿಯಮವನ್ನು ಹೇರಬೇಕೆ ಎಂಬ ವಿವಾದ ಸಿ ವರ್ಷದಲ್ಲಿ ಬರುತ್ತದೆ (15ನೆಯ ಅಧ್ಯಾಯ). ಹೀಗೆ ಗುರುತಿಸುವಿಕೆಯ ಪ್ರಶ್ನೆ ಇಲ್ಲಿಯೂ ಮುಂದುವರಿಯುತ್ತದೆ. ಈಗ ಗುರುತಿಸಬೇಕಾಗಿರುವುದು ಎದುರಿಗಿರುವ ಪರಕೀಯನನ್ನು.

ವೃತ್ತಾಂತಗಳ ನಡುವಿನ ವ್ಯತ್ಯಾಸಗಳು

ಸಮಾಧಿಗೆ ಹೋದವರು ಯಾರು ಎಂಬಲ್ಲಿಯೇ ಸುವಾರ್ತೆಗಳು ಭಿನ್ನವಾಗಿವೆ. ಮತ್ತಾಯನಲ್ಲಿ ಇಬ್ಬರು ಸ್ತ್ರೀಯರು, ಮಾರ್ಕನಲ್ಲಿ ಮೂವರು. ಲೂಕನು ಯೊಹಾನ್ನಳನ್ನೂ ಇನ್ನಿತರರನ್ನೂ ಹೆಸರಿಸುತ್ತಾನೆ. ಯೋಹಾನನು ಮಗ್ದಲದ ಮರಿಯಳನ್ನು ಮಾತ್ರ ಹೆಸರಿಸುತ್ತಾನೆ. ಲೂಕನಲ್ಲಿ ದರ್ಶನಗಳು ಜೆರುಸಲೇಮಿನಲ್ಲಿ ಮತ್ತು ಅದರ ಸುತ್ತಲೂ ನಡೆದರೆ, ಮತ್ತಾಯನಲ್ಲಿ ಶಿಷ್ಯರು ಯೇಸುವನ್ನು ಗಲಿಲಾಯದಲ್ಲಿ ಕಾಣುತ್ತಾರೆ. ಇವೆಲ್ಲಕ್ಕೂ ಮೊದಲು, 1ನೆಯ ಶತಮಾನದ 50ರ ದಶಕದಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ (15:3-8) ಸಾಕ್ಷಿಗಳ ಪಟ್ಟಿಯೊಂದಿದೆ. ಅದರಲ್ಲಿ ಯಾವ ಸ್ತ್ರೀಯ ಹೆಸರೂ ಇಲ್ಲ.

ವಾಚನ ಕ್ರಮವು ಈ ವೃತ್ತಾಂತಗಳನ್ನು ಬೆರೆಸಿ ಒಂದೇ ಕಥೆಯಾಗಿ ಮಾಡುವುದಿಲ್ಲ. ಪ್ರತಿಯೊಂದನ್ನೂ ಅದರ ದಿನದಂದು ಅದರದೇ ಧ್ವನಿಯಲ್ಲಿ ಓದಿಸುತ್ತದೆ. ನಾಲ್ಕು ಕಡೆಯೂ ಸಮಾನವಾಗಿ ಉಳಿಯುವುದು ವಾರದ ಮೊದಲ ದಿನ, ಬರಿದಾದ ಸಮಾಧಿ ಮತ್ತು ಅಲ್ಲಿಗೆ ಮೊದಲು ಹೋದ ಮಗ್ದಲದ ಮರಿಯಳು.

ಓದದೆ ಉಳಿಯುವ ಭಾಗಗಳು

ಯಾವುದೇ ಆಯ್ಕೆಯಲ್ಲಿ ಬಿಟ್ಟುಹೋಗುವ ಭಾಗಗಳೂ ಇರುತ್ತವೆ. ಈಸ್ಟರ್ ಕಾಲದ ವಾಚನಗಳಲ್ಲಿ ಇಂತಹ ಎರಡು ಉದಾಹರಣೆಗಳು ಮುಖ್ಯವಾದವು.

ಮೊದಲನೆಯದು ಮಾರ್ಕನ ಸುವಾರ್ತೆಯ ಕೊನೆ. ಕೊದೆಕ್ಸ್ ಸಿನೈಟಿಕಸ್ ಮತ್ತು ಕೊದೆಕ್ಸ್ ವ್ಯಾಟಿಕನಸ್ ಎಂಬ ಪ್ರಾಚೀನ ಹಸ್ತಪ್ರತಿಗಳಲ್ಲಿ ಈ ಸುವಾರ್ತೆ 16:8ಕ್ಕೆ ಮುಗಿಯುತ್ತದೆ. ಸ್ತ್ರೀಯರು ನಡುಗುತ್ತ ಓಡಿಹೋಗಿ, ಭಯದಿಂದ ಯಾರಿಗೂ ಏನನ್ನೂ ಹೇಳಲಿಲ್ಲವೆಂಬುದೇ ಅಲ್ಲಿನ ಕೊನೆಯ ಮಾತು. ಅದರ ಮುಂದಿನ ವಚನಗಳು ನಂತರ ಸೇರಿದವು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಬಿ ವರ್ಷದ ಈಸ್ಟರ್ ಜಾಗರಣೆಯಲ್ಲಿ ಕಥೋಲಿಕ ಕ್ರಮವು ಮಾರ್ಕ 16:1-7ನ್ನು ಓದಿ ನಿಲ್ಲಿಸುತ್ತದೆ. ಪರಿಷ್ಕೃತ ಸಾಮಾನ್ಯ ವಾಚನ ಕ್ರಮವು 8ನೆಯ ವಚನವನ್ನೂ ಸೇರಿಸಿಕೊಳ್ಳುತ್ತದೆ. ಒಂದು ವಚನದ ಅಂತರದಲ್ಲಿ ಹಬ್ಬದ ರಾತ್ರಿಯ ಕಥೆ ಆಶ್ವಾಸನೆಯಲ್ಲಿ ಮುಗಿಯುತ್ತದೆ ಅಥವಾ ಭಯದ ಮೌನದಲ್ಲಿ ಮುಗಿಯುತ್ತದೆ.

ಎರಡನೆಯದು ಮಗ್ದಲದ ಮರಿಯಳ ಪ್ರಸಂಗ. ಈಸ್ಟರ್ ಭಾನುವಾರದ ಕಥೋಲಿಕ ವಾಚನ ಯೋಹಾನ 20:9ಕ್ಕೆ ನಿಲ್ಲುತ್ತದೆ. ಅವಳು ಯೇಸುವನ್ನು ಕಂಡು ಶಿಷ್ಯರಿಗೆ ಸುದ್ದಿ ಮುಟ್ಟಿಸಿದ 11 ರಿಂದ 18ನೆಯ ವಚನಗಳು ಮಂಗಳವಾರಕ್ಕೆ ಹೋಗುತ್ತವೆ. ಭಾನುವಾರ ಮಾತ್ರ ದೇವಾಲಯಕ್ಕೆ ಬರುವವರು ಆ ಭಾಗವನ್ನು ಕೇಳುವುದೇ ಇಲ್ಲ. ಪರಿಷ್ಕೃತ ಸಾಮಾನ್ಯ ಕ್ರಮದಲ್ಲಿ ಭಾನುವಾರವೇ 18ನೆಯ ವಚನದವರೆಗೆ ಓದಬಹುದು. 6ನೆಯ ಶತಮಾನದ ಕೊನೆಯಲ್ಲಿ ಪೋಪ್ ಮಹಾ ಗ್ರೆಗರಿಯವರು ಒಂದು ಪ್ರಬೋಧನೆಯಲ್ಲಿ ಮರಿಯಳನ್ನು ಲೂಕನ 7ನೆಯ ಅಧ್ಯಾಯದ ಹೆಸರಿಲ್ಲದ ಪಾಪಿ ಸ್ತ್ರೀಯೊಂದಿಗೆ ಒಂದಾಗಿಸಿದ್ದರು. ಬೈಬಲಿನಲ್ಲಿ ಆಧಾರವಿಲ್ಲದ ಆ ಗುರುತು ಪಶ್ಚಿಮದಲ್ಲಿ ಶತಮಾನಗಳವರೆಗೆ ಉಳಿಯಿತು. 2016ರಲ್ಲಿ ಪೋಪ್ ಫ್ರಾನ್ಸಿಸರು ಜುಲೈ 22ರ ಅವಳ ಸ್ಮರಣೆಯನ್ನು ಅಪೊಸ್ತಲರ ಹಬ್ಬಗಳಿಗೆ ಸಮನಾದ ದರ್ಜೆಗೆ ಏರಿಸಿದರು. ಲೂಕನ ಸುವಾರ್ತೆಯಲ್ಲಿ ಸ್ತ್ರೀಯರ ಸುದ್ದಿಯನ್ನು ಅಪೊಸ್ತಲರು ಹುಚ್ಚು ಹರಟೆಯೆಂದು ತಳ್ಳಿಹಾಕಿದುದನ್ನು (24:11) ನೆನೆದರೆ, ಯಾರ ಮಾತನ್ನು ಯಾವ ದಿನ ಓದಬೇಕೆಂಬ ಪ್ರಶ್ನೆ ಕೇವಲ ಪಟ್ಟಿಯ ಪ್ರಶ್ನೆಯಲ್ಲವೆಂಬುದು ತಿಳಿಯುತ್ತದೆ.

ಎಚ್ಚರದಿಂದ ಓದಬೇಕಾದ ಮಾತುಗಳು

ಶಿಷ್ಯರು ಯೆಹೂದ್ಯರ ಭಯದಿಂದ ಬಾಗಿಲು ಮುಚ್ಚಿಕೊಂಡಿದ್ದರೆಂದು ಯೋಹಾನ 20:19 ಹೇಳುತ್ತದೆ. ಅಪೊಸ್ತಲರ ಕೃತ್ಯಗಳಲ್ಲಿನ ಪೇತ್ರನ ಭಾಷಣಗಳು ಯೇಸುವಿನ ಮರಣದ ಹೊಣೆಯನ್ನು ಜೆರುಸಲೇಮಿನ ಕೇಳುಗರ ಮೇಲೆ ಹೊರಿಸುತ್ತವೆ. ಯುರೋಪಿನ ಇತಿಹಾಸದಲ್ಲಿ ಇಂತಹ ಮಾತುಗಳನ್ನು ಯೆಹೂದ್ಯರ ವಿರುದ್ಧದ ದ್ವೇಷಕ್ಕೂ ಹಿಂಸೆಗೂ ಬಳಸಿಕೊಳ್ಳಲಾಗಿದೆ. ಬಾಗಿಲು ಮುಚ್ಚಿಕೊಂಡವರೂ, ಪೇತ್ರನೂ, ಯೇಸುವೂ ಯೆಹೂದ್ಯರೇ ಆಗಿದ್ದರು ಎಂಬುದನ್ನು ಓದುಗರು ಮರೆಯಬಾರದು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರ ‘ನೊಸ್ತ್ರಾ ಎತಾತೆ’ ಘೋಷಣೆಯಲ್ಲಿ, ಯೇಸುವಿನ ಯಾತನೆಯ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಲಾಗದೆಂದು ಸ್ಪಷ್ಟಪಡಿಸಿತು. ಈಸ್ಟರ್ ಕಾಲದ ಭಾನುವಾರಗಳಲ್ಲಿ ಕೀರ್ತನೆಗಳ ಹೊರತು ಹಳೆಯ ಒಡಂಬಡಿಕೆಯ ವಾಚನ ಇಲ್ಲದಿರುವುದು ಯೆಹೂದಿ ಹಿನ್ನೆಲೆಯನ್ನು ಮಸುಕಾಗಿಸುತ್ತದೆ ಎಂಬ ಟೀಕೆಯೂ ಇದೆ.

ಪೂರ್ವದ ಆರ್ಥೊಡಾಕ್ಸ್ ಸಂಪ್ರದಾಯ

ಬೈಜಾಂಟೈನ್ ಪದ್ಧತಿಯ ಆರ್ಥೊಡಾಕ್ಸ್ ಸಭೆಗಳಲ್ಲಿ ಈಸ್ಟರ್ ಆರಾಧನೆಯ ಸುವಾರ್ತೆಯು ಸಮಾಧಿಯ ಕಥೆಯಿಂದ ಆರಂಭವಾಗದೆ, ಆದಿಯಲ್ಲಿದ್ದ ವಾಕ್ಯವನ್ನು ಕುರಿತ ಯೋಹಾನನ ಮೊದಲ ಅಧ್ಯಾಯದಿಂದ (1:1-17) ಆರಂಭವಾಗುತ್ತದೆ. ಇಲ್ಲಿಯೂ ಅಪೊಸ್ತಲರ ಕೃತ್ಯಗಳ ವಾಚನ ಪೆಂತೆಕೋಸ್ತಿನವರೆಗೆ ನಡೆಯುತ್ತದೆ. ಮುಂದಿನ ಭಾನುವಾರಗಳು ಕ್ರಮವಾಗಿ ತೋಮ, ಸುಗಂಧದ್ರವ್ಯ ತಂದ ಸ್ತ್ರೀಯರು, ಪಾರ್ಶ್ವವಾಯು ಪೀಡಿತ, ಸಮಾರ್ಯದ ಸ್ತ್ರೀ ಮತ್ತು ಹುಟ್ಟುಕುರುಡ ಇವರ ಹೆಸರಿನಲ್ಲಿವೆ. ಈಸ್ಟರ್ ದಿನದ ಸಂಜೆಯ ಪ್ರಾರ್ಥನೆಯಲ್ಲಿ ಸುವಾರ್ತೆಯನ್ನು ಹಲವು ಭಾಷೆಗಳಲ್ಲಿ ಓದುವ ರೂಢಿಯೂ ಇದೆ.

ಕನ್ನಡದಲ್ಲಿ ವಾಚನಗಳು

ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು ಬೈಬಲಿನ ಕನ್ನಡ ಅನುವಾದಕ್ಕೆ 19ನೆಯ ಶತಮಾನದ ಆರಂಭದಲ್ಲಿ ಶ್ರಮಿಸಿದರು. ಕಥೋಲಿಕ ದೇವಾಲಯಗಳಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೆ ಬಲಿಪೂಜೆಯ ಭಾಷೆ ಲ್ಯಾಟಿನ್ ಆಗಿತ್ತು. ಆ ಬಳಿಕ ವಾಚನಗಳು ಜನಭಾಷೆಗಳಿಗೆ ಬಂದವು. ಕರ್ನಾಟಕದಲ್ಲಿ ಇಂದು ಕನ್ನಡ, ಕೊಂಕಣಿ ಮೊದಲಾದ ಭಾಷೆಗಳಲ್ಲಿ ಅವನ್ನು ಓದಲಾಗುತ್ತದೆ.

ಎರಡು ಪರಂಪರೆಗಳ ಪರಿಭಾಷೆಯಲ್ಲಿ ವ್ಯತ್ಯಾಸವಿರುವುದರಿಂದ ವಿದ್ಯಾರ್ಥಿಗಳು ಗೊಂದಲಕ್ಕೆ ಒಳಗಾಗುವುದುಂಟು. ಪ್ರಾಟೆಸ್ಟಂಟರ ‘ಸುವಾರ್ತೆ’ ಕಥೋಲಿಕರಿಗೆ ‘ಶುಭಸಂದೇಶ’. ‘ಅಪೊಸ್ತಲರ ಕೃತ್ಯಗಳು’ ಅವರಲ್ಲಿ ‘ಪ್ರೇಷಿತರ ಕಾರ್ಯಕಲಾಪಗಳು’. ಹಳೆಯ ಅನುವಾದದಲ್ಲಿ ಯೇಸುವಿಗೆ ಏಕವಚನದ ಕ್ರಿಯಾಪದವಿದ್ದರೆ, ಈಚಿನ ಅನುವಾದಗಳಲ್ಲಿ ಗೌರವಸೂಚಕ ಬಹುವಚನ ಬರುತ್ತದೆ. ಗ್ರಂಥವೂ ಪ್ರಸಂಗವೂ ಎರಡರಲ್ಲಿಯೂ ಒಂದೇ.